ಹಳೇ ಸ್ಪೀಕರ್‌ನ ಕ್ರಾಸ್‌ಓವರ್: ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಕೈ ಹಾಕಬಾರದು

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲೋ ಮನೆಯ ಅಟ್ಟದ ಮೇಲೋ ಸಿಕ್ಕಿದ ಎಪ್ಪತ್ತು-ಎಂಬತ್ತರ ದಶಕದ ಸ್ಪೀಕರ್ ಜೋಡಿ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತಿದ್ದರೆ ದಪ್ಪ ದನಿಯನ್ನು ದೊಡ್ಡ ವೂಫರ್‌ಗೂ ತೆಳು ದನಿಯನ್ನು ಚಿಕ್ಕ ಟ್ವೀಟರ್‌ಗೂ ಹಂಚುವ ಒಳಗಿನ ಸರ್ಕ್ಯೂಟ್, ಅಂದರೆ ಕ್ರಾಸ್‌ಓವರ್‌ನ ಕೆಪಾಸಿಟರ್ ಮೇಲೆ ಅನುಮಾನ ಬರುವುದು ಸಹಜ. ಎಡದ್ದಕ್ಕೂ ಬಲದ್ದಕ್ಕೂ ಸಂಬಂಧವೇ ಇಲ್ಲದಂತಿದ್ದರೂ ಅಷ್ಟೇ. ಬಹಳ ಸಲ ಆ ಅನುಮಾನ ನಿಜವೂ ಆಗಿರುತ್ತದೆ. ಆದರೆ ದುಬಾರಿ ಕೆಪಾಸಿಟರ್ ತರಿಸಿ, ದಪ್ಪ ತಂತಿಯ ಕಾಯಿಲ್ ಕೂರಿಸಿ, ಕೊನೆಗೆ ಸ್ಪೀಕರ್ ಕಿರುಚಲು ಶುರುವಾಯಿತು ಎಂಬ ದೂರೂ ಕಡಿಮೆಯೇನಿಲ್ಲ. ಅಂದಿನ ಕೆಪಾಸಿಟರ್, ಕಾಯಿಲ್‌ಗಳ ಒಳಗೇ ಇದ್ದ ಒಂದಿಷ್ಟು ರೋಧವನ್ನೂ (ರೆಸಿಸ್ಟೆನ್ಸ್) ಲೆಕ್ಕಕ್ಕೆ ಹಿಡಿದು ಆ ಸ್ಪೀಕರ್‌ನ ದನಿ ಹೊಂದಿಸಿರುತ್ತಾರೆ. ಒಳ್ಳೆಯ ಭಾಗ ಹಾಕುವ ಭರದಲ್ಲಿ ಆ ರೋಧವನ್ನು ಕಿತ್ತರೆ ಹೊಂದಾಣಿಕೆಯೂ ಕಿತ್ತುಹೋಗುತ್ತದೆ. ಹಾಗಾಗಿ ಮೊದಲು ಹಳೆಯ ಲೆಕ್ಕಕ್ಕೆ ವಾಪಸ್ ತನ್ನಿ, ಉತ್ತಮಪಡಿಸುವ ಮಾತು ಆಮೇಲೆ.

ಬಿಚ್ಚುವ ಮೊದಲು ನೋಡಬೇಕಾದ್ದು

ವೂಫರ್‌ನ ಅಂಚಿನ ಫೋಮ್ ಬೆರಳು ತಾಗಿದರೆ ಪುಡಿಯಾಗುತ್ತಿದ್ದರೆ ಅದೇ ಮೊದಲ ಕೆಲಸ, ಕ್ರಾಸ್‌ಓವರ್ ಕಾಯಲಿ. ಎಪ್ಪತ್ತರ ದಶಕದ ನಡುವಿನಿಂದ ಈಚೆಗಿನ ಕೆಲವು ಟ್ವೀಟರ್‌ಗಳ ಸಂದಿಯಲ್ಲಿ ಫೆರೋಫ್ಲೂಯಿಡ್ ಎಂಬ ಕಪ್ಪು ದ್ರವ ಇರುತ್ತದೆ. ಅದು ಒಣಗಿ ಅಂಟಾದರೂ ದನಿ ಮಂಕಾಗುತ್ತದೆ, ಅದಕ್ಕೆ ಎಂಥ ಕೆಪಾಸಿಟರ್ ಹಾಕಿದರೂ ಉಪಯೋಗವಿಲ್ಲ. ಮುಂದೆಯೋ ಹಿಂದೆಯೋ ಟ್ವೀಟರ್ ಮಟ್ಟದ ತಿರುಗುಗುಂಡಿ ಇದ್ದರೆ ಅದನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಕರಕರ ಸದ್ದಿನೊಂದಿಗೆ ಟ್ವೀಟರ್ ಬಂದು ಹೋಗಿ ಮಾಡಿದರೆ ಕಳ್ಳ ಅಲ್ಲೇ ಇದ್ದಾನೆ. ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಹಳೆಯ ಸ್ಪೀಕರ್‌ಗಳಲ್ಲಂತೂ ಈ ಗುಂಡಿಗಳು ಒಳಗೆ ಹಸಿರು ಕಿಲುಬು ಹಿಡಿದಿರುವುದು ಮಾಮೂಲು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತಿರುಗಿಸಿ. ಬೈಕ್ ಚೈನಿಗೆ ಹೊಡೆಯುವ ಸ್ಪ್ರೇ ಇಲ್ಲಿ ಬೇಡ, ಅದರ ಎಣ್ಣೆಯ ಮೇಲೆ ಮತ್ತೆ ಧೂಳು ಕೂರುತ್ತದೆ.

ಇಷ್ಟು ನೋಡಿ, ಆಂಪ್ಲಿಫೈಯರ್ ತಂತಿ ಕಳಚಿ, ಡಬ್ಬವನ್ನು ಬೆನ್ನಡಿ ಮಲಗಿಸಿ. ಸ್ಕ್ರೂ ಬಿಚ್ಚುವಾಗ ಒಂದು ಅಂಗೈ ವೂಫರ್ ಕೋನ್‌ಗೆ ಅಡ್ಡವಾಗಿರಲಿ. ಹಿಂದಿರುವ ಅಯಸ್ಕಾಂತ ಸ್ಕ್ರೂಡ್ರೈವರನ್ನು ಎಳೆದುಕೊಂಡರೆ ತುದಿ ನೇರ ಕಾಗದದ ಕೋನ್‌ಗೆ ನುಗ್ಗುತ್ತದೆ, ಒಂದು ಕ್ಷಣ ಸಾಕು. ಸ್ಕ್ರೂ ಎಲ್ಲ ತೆಗೆದರೂ ವೂಫರ್ ಕದಲದಿದ್ದರೆ ಸುತ್ತಲಿನ ಮೇಣದಂಥ ಗ್ಯಾಸ್ಕೆಟ್ ಹಿಡಿದುಕೊಂಡಿರುತ್ತದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಅಂಚಿಗೆ ತೂರಿಸಿ ನಿಧಾನವಾಗಿ ಎಬ್ಬಿಸಿ. ಒಳಗೆ ಹಳದಿ ಗ್ಲಾಸ್ ವುಲ್ ತುಂಬಿದ್ದರೆ ಮಾಸ್ಕ್, ಕೈಗವಸು ಕಡ್ಡಾಯ. ಆ ಎಳೆ ಚರ್ಮಕ್ಕೆ ಹತ್ತಿದರೆ ಎರಡು ದಿನ ತುರಿಕೆ.

ತಂತಿ ಕಳಚುವ ಮೊದಲು ಫೋಟೋ ತೆಗೆಯಿರಿ, ಕನಿಷ್ಠ ಆರು. ಬಣ್ಣ ಮಾಸಿದ ತಂತಿಗೆ ಕಾಗದದ ಟೇಪ್ ಸುತ್ತಿ, ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಟ್ವೀಟರ್‌ನ ಪ್ಲಸ್-ಮೈನಸ್ ಉಲ್ಟಾ ಇದೆ ಅನ್ನಿಸಿದರೆ 'ಸರಿ' ಮಾಡಲು ಹೋಗಬೇಡಿ. ಅನೇಕ ವಿನ್ಯಾಸಗಳಲ್ಲಿ ಅದು ಬೇಕೆಂದೇ ಉಲ್ಟಾ. ಹಳೆಯ ಜೆಬಿಎಲ್‌ಗಳಲ್ಲಿ ಇನ್ನೊಂದು ಪೇಚು ಇದೆ. ಬ್ಯಾಟರಿಯ ಪ್ಲಸ್ಸನ್ನು ಕಪ್ಪು ಟರ್ಮಿನಲ್‌ಗೆ ಕೊಟ್ಟರೆ ಅವುಗಳ ಕೋನ್ ಮುಂದೆ ಬರುತ್ತದೆ, ಕೆಂಪಿಗೆ ಕೊಟ್ಟರೆ ಹಿಂದೆ ಹೋಗುತ್ತದೆ. ಅನುಮಾನವಿದ್ದರೆ 1.5 ವೋಲ್ಟ್ ಶೆಲ್ ಒಂದನ್ನು ವೂಫರ್‌ಗೆ ಕ್ಷಣಕಾಲ ತಾಗಿಸಿ ನೋಡಿ. ಟ್ವೀಟರ್‌ಗೆ ಈ ಪರೀಕ್ಷೆ ಬೇಡ.

ಅಳತೆ ಮಾಡದೆ ಬದಲಿಸಬೇಡಿ

ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಮೂರನ್ನೂ ಅಳೆಯುವ ಒಂದು ಎಲ್‌ಸಿಆರ್ ಮೀಟರ್ ಬೇಕು. ಇಲ್ಲವೆಂದರೆ ಕೆಪಾಸಿಟರ್‌ನ ಒಳರೋಧವನ್ನೂ, ಅಂದರೆ ಇಎಸ್ಆರ್ ಅನ್ನೂ, ತೋರಿಸುವ ಕಾಂಪೊನೆಂಟ್ ಟೆಸ್ಟರ್ ಆದರೂ ಇರಲಿ. ಸಾಮಾನ್ಯ ಮಲ್ಟಿಮೀಟರ್ ಮೌಲ್ಯ ಹೇಳುತ್ತದೆ, ಕಾಯಿಲೆ ಹೇಳುವುದಿಲ್ಲ. ಅಳೆಯುವಾಗ ಕೆಪಾಸಿಟರ್‌ನ ಒಂದು ಕಾಲನ್ನಾದರೂ ಬೋರ್ಡಿನಿಂದ ಬಿಡಿಸಿರಬೇಕು. ಪಕ್ಕದಲ್ಲಿ ಕಾಯಿಲ್ ಸಮಾನಾಂತರವಾಗಿ ಕೂತಿದ್ದರೆ ಮೀಟರ್ ತೋರಿಸುವುದೆಲ್ಲ ಸುಳ್ಳು. ಮೀಟರ್‌ನಲ್ಲಿ ಆಯ್ಕೆ ಇದ್ದರೆ 1 ಕಿಲೋಹರ್ಟ್ಸ್‌ಗೆ ಇಡಿ.

ಉದಾಹರಣೆಗೆ ವೂಫರ್, ಟ್ವೀಟರ್ ಎರಡೇ ಇರುವ 8 ಓಮ್‌ನ ಎರಡು ದಾರಿಯ ಸ್ಪೀಕರ್ ಒಂದನ್ನು ತೆಗೆದುಕೊಳ್ಳೋಣ. ಟ್ವೀಟರ್ ದಾರಿಯಲ್ಲಿ ಸರಣಿಯಾಗಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್, ಟ್ವೀಟರ್‌ಗೆ ಅಡ್ಡಲಾಗಿ, ಅಂದರೆ ಸಮಾನಾಂತರವಾಗಿ, 0.6 ಮಿಲಿಹೆನ್ರಿ ಕಾಯಿಲ್. ವೂಫರ್ ಕಡೆ ಅವೇ ಎರಡು ಭಾಗ ಜಾಗ ಅದಲುಬದಲು: ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಅಡ್ಡಕ್ಕೆ. ಇದು 3 ಕಿಲೋಹರ್ಟ್ಸ್‌ನಲ್ಲಿ ದನಿಯನ್ನು ಎರಡಾಗಿ ಸೀಳುವ ಪಠ್ಯಪುಸ್ತಕದ ಲೆಕ್ಕ, ಟ್ವೀಟರ್ ಉಲ್ಟಾ ಜೋಡಿಸುವುದೂ ಇಂಥದ್ದರಲ್ಲೇ. ನಲವತ್ತು ವರ್ಷದ ಎಲೆಕ್ಟ್ರೋಲಿಟಿಕ್ (ಒಳಗೆ ಒಣಗುವ ದ್ರವ ಇರುವ ಜಾತಿಯ) ಕೆಪಾಸಿಟರ್ 6.2 ತೋರಿಸುತ್ತಿದೆ ಎಂದರೆ ಟ್ವೀಟರ್‌ನ ಸೀಳು 2.6 ಕಿಲೋಹರ್ಟ್ಸ್‌ಗೆ ಇಳಿದಿದೆ. ಅಂದರೆ ಪಾಪದ ಟ್ವೀಟರ್ ತನ್ನದಲ್ಲದ ಹೊರೆ ಹೊರುತ್ತಿದೆ. ಇಎಸ್ಆರ್ 2 ಓಮ್ ಬಂದರೆ ಇನ್ನೊಂದು ಕಥೆ: 8 ಓಮ್ ಟ್ವೀಟರ್‌ಗೆ ಸುಮಾರು 2 ಡೆಸಿಬೆಲ್ ಖೋತಾ. ಮೊದಲು ಹೇಳಿದ ಕಂಬಳಿ ಇದೇ.

ನಮ್ಮ ಗೆರೆ ಹೀಗಿದೆ. ಮುದ್ರಿತ ಮೌಲ್ಯಕ್ಕಿಂತ ಶೇಕಡಾ 10ರ ಒಳಗಿದ್ದು, ಇಎಸ್ಆರ್ ಅರ್ಧ ಓಮ್‌ಗಿಂತ ಕಡಿಮೆ ಇದ್ದು, ಎಡ-ಬಲ ಹೊಂದಿದರೆ ಅದನ್ನು ಹಾಗೇ ಬಿಡಬಹುದು. ಚೌಕಾಕಾರದ ಅಥವಾ ಹಳದಿ ಸುತ್ತಿನ ಫಿಲ್ಮ್ ಕೆಪಾಸಿಟರ್‌ಗಳು, ಅಂದರೆ ತೆಳು ಪ್ಲಾಸ್ಟಿಕ್ ಹಾಳೆಯವು, ಒಣಗುವ ಜಾತಿಯವಲ್ಲ. ಅಳತೆ ಸರಿ ಇದ್ದರೆ ಅವನ್ನು ಕೀಳುವುದು ವ್ಯರ್ಥ. ಲೋಹದ ಡಬ್ಬಿಯಲ್ಲಿ ಎಣ್ಣೆ ತುಂಬಿದ ತೀರಾ ಹಳೆಯ ಕೆಪಾಸಿಟರ್ ಸಿಕ್ಕಿ ಅದು ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಒಡೆಯಲೂ ಬೇಡಿ. ಆ ಕಾಲದ ಕೆಲವು ಎಣ್ಣೆಗಳು ವಿಷ.

ಅಂಗಡಿಯಲ್ಲಿ ಏನೆಂದು ಕೇಳಬೇಕು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಗೆ ಹೋಗಿ ಬರೀ '4.7 ಕೆಪಾಸಿಟರ್ ಕೊಡಿ' ಅಂದರೆ ಪವರ್ ಸಪ್ಲೈಗೆ ಹಾಕುವ ಪ್ಲಸ್-ಮೈನಸ್ ಇರುವ ಎಲೆಕ್ಟ್ರೋಲಿಟಿಕ್ ಕೈಗೆ ಬರುತ್ತದೆ. ಅದನ್ನು ಕ್ರಾಸ್‌ಓವರ್‌ಗೆ ಒಂಟಿಯಾಗಿ ಹಾಕಬಾರದು, ದನಿಯ ಸಿಗ್ನಲ್ ಎರಡೂ ದಿಕ್ಕಿಗೆ ತಿರುಗುತ್ತದೆ. ಕೇಳಬೇಕಾದ್ದು 'ನಾನ್‌ಪೋಲಾರ್'. ಮೈಮೇಲೆ ಎನ್‌ಪಿ ಅಥವಾ ಬಿಪಿ ಎಂದು ಬರೆದಿರುತ್ತದೆ, ಮೈನಸ್ ಪಟ್ಟಿ ಇರುವುದಿಲ್ಲ. ಫಿಲ್ಮ್ ಬೇಕಿದ್ದರೆ 'ಪಾಲಿಪ್ರೊಪಿಲೀನ್' ಅಥವಾ 'ಎಂಕೆಪಿ' ಅನ್ನಿ. ಹಳೆಯ ಮೆಕ್ಯಾನಿಕ್‌ಗಳಿಗೆ ಇದೆಲ್ಲ ಈಗಲೂ ಕಂಡೆನ್ಸರ್, ಮೈಕ್ರೋಫ್ಯಾರಡ್ ಎಂದರೆ ಎಂಎಫ್‌ಡಿ. ಆ ಮಾತಿನಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ವೋಲ್ಟೇಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 8 ಓಮ್‌ಗೆ 100 ವ್ಯಾಟ್ ಕೊಟ್ಟರೂ ಶಿಖರದಲ್ಲಿ 40 ವೋಲ್ಟ್. 100 ವೋಲ್ಟ್‌ನ ಭಾಗ ಧಾರಾಳ. 400 ವೋಲ್ಟ್‌ನದ್ದು ತಂದರೆ ದನಿ ಹೆಚ್ಚುವುದಿಲ್ಲ, ಗಾತ್ರ ಹೆಚ್ಚುತ್ತದೆ.

ಇಲ್ಲೊಂದು ದೇಸೀ ಉಪಾಯ, ಅದನ್ನು ಕೀಳಾಗಿ ನೋಡಬೇಡಿ. ಸೀಲಿಂಗ್ ಫ್ಯಾನಿಗೆ ಹಾಕುವ 2.5, 3.15, 4 ಎಂಎಫ್‌ಡಿಯ 440 ವೋಲ್ಟ್ ಎಸಿ ಕಂಡೆನ್ಸರ್ ಇದೆಯಲ್ಲ, ಅದರೊಳಗೆ ಇರುವುದು ಮೆಟಲೈಸ್ಡ್ ಪಾಲಿಪ್ರೊಪಿಲೀನ್ ಫಿಲ್ಮೇ. ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ವಿದೇಶಿ ಆಡಿಯೋ ಕೆಪಾಸಿಟರ್‌ಗೆ ಹೋಲಿಸಿದರೆ ಏನೂ ಅಲ್ಲ. 4 ಎಂಎಫ್‌ಡಿಯ ಒಂದಕ್ಕೆ 0.68ರ ಚಿಕ್ಕ ಪಾಲಿಪ್ರೊಪಿಲೀನ್ ಸಮಾನಾಂತರವಾಗಿ ಸೇರಿಸಿದರೆ 4.68, ನಮ್ಮ ಉದಾಹರಣೆಯ ಟ್ವೀಟರ್‌ಗೆ ಹೇಳಿ ಮಾಡಿಸಿದಂತೆ. ಹೊಸದನ್ನೇ ಕೊಳ್ಳಿ. ವರ್ಷಗಟ್ಟಲೆ ತಿರುಗಿದ ಫ್ಯಾನಿನದ್ದು ಮೌಲ್ಯ ಕಳೆದುಕೊಂಡಿರುತ್ತದೆ, ಬೇಸಿಗೆಯಲ್ಲಿ ಫ್ಯಾನ್ ನಿಧಾನವಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಮೋಟಾರ್ ಸ್ಟಾರ್ಟ್ ಕಂಡೆನ್ಸರ್ ಮಾತ್ರ ಬೇಡ. ಕಪ್ಪು ಉರುಳೆಯ ಮೇಲೆ '100-120' ಎಂದು ಎರಡು ಅಂಕಿ ಬರೆದಿರುವ ಅದು ಎಲೆಕ್ಟ್ರೋಲಿಟಿಕ್, ಕೆಲವು ಸೆಕೆಂಡ್ ಕೆಲಸಕ್ಕೆಂದೇ ಮಾಡಿದ್ದು.

ಸಮಾನಾಂತರದಲ್ಲಿ ಕೆಪಾಸಿಟರ್‌ಗಳ ಮೌಲ್ಯ ಕೂಡುತ್ತದೆ ಎಂಬುದೊಂದು ನೆನಪಿದ್ದರೆ ಸಿಗದ ಮೌಲ್ಯಕ್ಕೆ ಪರದಾಡಬೇಕಿಲ್ಲ. ಜೆಬಿಎಲ್ ಎಲ್100ರಲ್ಲಿ ನಡುದನಿಯ ಮಿಡ್‌ಗೆ 8, ಟ್ವೀಟರ್‌ಗೆ 3 ಎಂಎಫ್‌ಡಿ. 4 ಮತ್ತು 4 ಸೇರಿ ಎಂಟು, 2.5 ಮತ್ತು 0.47 ಸೇರಿ 2.97. ಅದರ ವೂಫರ್‌ಗೆ ಕಾಯಿಲೇ ಇಲ್ಲ, ಕಳೆದುಹೋಗಿದೆ ಎಂದು ಹುಡುಕಬೇಡಿ. ಅಕೌಸ್ಟಿಕ್ ರಿಸರ್ಚ್‌ನ ಎಆರ್-3ಎ ಬಂದರೆ ಅದರಲ್ಲಿ 6, 50, 150 ಎಂಎಫ್‌ಡಿ ಇರುತ್ತವೆ. 50ಕ್ಕೆ 47 ಮತ್ತು 3.3, 150ಕ್ಕೆ 100, 47 ಮತ್ತು 3.3. ವೂಫರ್‌ಗೆ ಅಡ್ಡಲಾಗಿ ಕೂರುವ 150ರಂಥ ದೊಡ್ಡ ಮೌಲ್ಯಕ್ಕೆ ಹೊಸ ನಾನ್‌ಪೋಲಾರ್ ಎಲೆಕ್ಟ್ರೋಲಿಟಿಕ್ ಸಾಕು. ಮೂಲದಲ್ಲಿ ಅಲ್ಲಿದ್ದದ್ದು ಎಲೆಕ್ಟ್ರೋಲಿಟಿಕ್ ಆಗಿದ್ದರೆ ಅದೇ ಹೆಚ್ಚು ಸರಿ. ಅದರ ಸಣ್ಣ ಒಳರೋಧ ಸೀಳಿನ ಜಾಗದಲ್ಲಿ ಸ್ಪೀಕರ್‌ನ ಇಂಪೀಡೆನ್ಸ್ (ಆಂಪ್ಲಿಫೈಯರ್‌ಗೆ ಕಾಣುವ ಒಟ್ಟು ತಡೆ) ತೀರಾ ಕುಸಿಯದಂತೆ ಹಿಡಿದಿರುತ್ತದೆ.

ಒಂದು ಜೋಡಿಗೆ ಎರಡು ಬೇಕಿದ್ದರೆ ಆರು ಕೊಳ್ಳಿ, ಮನೆಯಲ್ಲಿ ಅಳೆದು ಶೇಕಡಾ 1-2ರೊಳಗೆ ಹೊಂದುವ ಎರಡನ್ನು ಆರಿಸಿ. ಹಾಡುವವರ ದನಿ ನಡುವೆ ಬಂದು ನಿಲ್ಲುವುದು ಎಡ-ಬಲ ಒಂದೇ ಇದ್ದಾಗ. ಕೆಪಾಸಿಟರ್‌ನ ಬ್ರ್ಯಾಂಡಿಗಿಂತ ಇದಕ್ಕೆ ಕೊಟ್ಟ ಅರ್ಧ ಗಂಟೆ ಹೆಚ್ಚು ಫಲ ಕೊಡುತ್ತದೆ.

ಬೆಸುಗೆ ಮತ್ತು ಜೋಡಣೆ

25 ವ್ಯಾಟ್ ಐರನ್ ಚಿಕ್ಕ ಕೆಲಸಕ್ಕೆ ಸರಿ. ಕಾಯಿಲ್‌ನ ದಪ್ಪ ತಾಮ್ರ ಬೆಸೆಯಲು 60 ವ್ಯಾಟ್ ಬೇಕು. ತಣ್ಣನೆಯ ಐರನ್ ಇಟ್ಟು ಉಜ್ಜುತ್ತಾ ಕೂತರೆ ಬೋರ್ಡಿನ ತಾಮ್ರದ ಪಟ್ಟಿ ಎದ್ದುಬರುತ್ತದೆ. ಬಿಸಿ ಐರನ್, ಎರಡು-ಮೂರು ಸೆಕೆಂಡ್, ಹೀರುವ ಪಂಪು: ಇಷ್ಟೇ. ಹಳೆಯ ಲೆಡ್ ಹಠ ಮಾಡಿದರೆ ಅದರ ಮೇಲೆ ಸ್ವಲ್ಪ ಹೊಸ 60/40 ಲೆಡ್ ಕರಗಿಸಿ ಆಮೇಲೆ ಹೀರಿ, ಬೆಣ್ಣೆಯಂತೆ ಬರುತ್ತದೆ. ಕಾಯಿಲ್‌ನ ತುದಿಯ ಎನಾಮೆಲ್ ಹೊದಿಕೆಯನ್ನು ಬ್ಲೇಡಿನಿಂದ ಹೊಳೆಯುವ ತನಕ ಕೆರೆಯದಿದ್ದರೆ ಬೆಸುಗೆ ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ. ಕಿಟಕಿ ತೆರೆದಿರಲಿ.

ಒಂದು ಸಲಕ್ಕೆ ಒಂದೇ ಭಾಗ ತೆಗೆದು, ಅದರ ಜಾಗಕ್ಕೆ ಹೊಸದನ್ನು ಹಾಕಿ, ಮುಂದಿನದಕ್ಕೆ ಹೋಗಿ. ಎರಡೂ ಸ್ಪೀಕರನ್ನು ಒಟ್ಟಿಗೆ ಬಿಚ್ಚಬೇಡಿ. ಬಿಚ್ಚದೆ ಉಳಿದದ್ದೇ ನಿಮ್ಮ ನಕ್ಷೆ, ಫೋಟೋ ಕೈಕೊಟ್ಟಾಗ ಕಾಪಾಡುವುದು ಅದೇ.

ಫಿಲ್ಮ್ ಕೆಪಾಸಿಟರ್ ಗಾತ್ರದಲ್ಲಿ ಹಳೆಯದರ ಮೂರ್ನಾಲ್ಕು ಪಟ್ಟು ಇರುತ್ತದೆ, ಹಳೆಯ ರಂಧ್ರಗಳಲ್ಲಿ ಕೂರುವುದಿಲ್ಲ. ಅದನ್ನು ಕಾಲಿನ ಮೇಲೆ ನಿಲ್ಲಿಸಿ ಬಿಟ್ಟರೆ ವೂಫರ್‌ನ ಅದುರಿಗೆ ಕಾಲು ಮುರಿಯುವುದು ಖಂಡಿತ. ಮಲಗಿಸಿ, ಬೋರ್ಡಿನಲ್ಲಿ ಎರಡು ತೂತು ಕೊರೆದು ಕೇಬಲ್ ಟೈ ಬಿಗಿದು, ಅಡಿಗೆ ಸಿಲಿಕೋನ್ ಹಚ್ಚಿ. ಸಿಲಿಕೋನ್ ತರುವಾಗ ನ್ಯೂಟ್ರಲ್ ಕ್ಯೂರ್ ಎಂದು ಕೇಳಿ. ಹುಳಿ ವಿನೆಗರ್ ವಾಸನೆ ಬರುವ ಅಗ್ಗದ ಜಾತಿ ಒಣಗುವಾಗ ಆಮ್ಲ ಬಿಡುತ್ತದೆ, ತಾಮ್ರ ಹಸಿರಾಗುತ್ತದೆ. ಜಾಗವೇ ಸಾಲದಿದ್ದರೆ 6 ಮಿಲಿಮೀಟರ್ ಪ್ಲೈವುಡ್ ತುಂಡಿನ ಮೇಲೆ ಟ್ಯಾಗ್ ಸ್ಟ್ರಿಪ್ (ಬೆಸೆಯಲು ಲೋಹದ ಕಿವಿಗಳಿರುವ ಪಟ್ಟಿ) ಹಾಕಿ ಎಲ್ಲವನ್ನೂ ಹೊಸದಾಗಿ ಹರಡಬಹುದು. ಆಗ ಒಂದು ಎಚ್ಚರ: ಕಾಯಿಲ್‌ಗಳು ಹಳೆಯ ಬೋರ್ಡಿನಲ್ಲಿ ಯಾವ ಕೋನದಲ್ಲಿ, ಎಷ್ಟು ದೂರದಲ್ಲಿದ್ದವೋ ಹಾಗೇ ಇರಲಿ. ಎರಡು ಕಾಯಿಲ್ ಅಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಹಾಯುತ್ತದೆ. ಒಳಗೆ ಕಬ್ಬಿಣವಿಲ್ಲದ ಏರ್ ಕೋರ್ ಕಾಯಿಲ್‌ನ ನಡುವೆ ಕಬ್ಬಿಣದ ಸ್ಕ್ರೂ ತೂರಿಸಿದರೆ ಮೌಲ್ಯವೇ ಬದಲಾಗುತ್ತದೆ. ಹಿತ್ತಾಳೆ ಸ್ಕ್ರೂ ಅಥವಾ ಟೈ ಬಳಸಿ.

ಕಾಯಿಲ್ ಸುಟ್ಟಿಲ್ಲದಿದ್ದರೆ ಬದಲಿಸಲೇಬೇಡಿ. ವೂಫರ್‌ನ ಹಳೆಯ ಕಾಯಿಲ್‌ಗೆ 0.8 ಓಮ್ ರೋಧ ಇದ್ದಲ್ಲಿ 0.2 ಓಮ್‌ನ ದಪ್ಪ ತಂತಿಯದ್ದು ಹಾಕಿದರೆ ವೂಫರ್ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ಮೇಲೇಳುತ್ತದೆ, ಬಾಸ್‌ನ ನಡಿಗೆಯೂ ಬದಲಾಗುತ್ತದೆ. ಕೆಲವರಿಗೆ ಅದು ಹಿಡಿಸಬಹುದು. ಆದರೆ ಅದು ಬೇರೆ ಸ್ಪೀಕರ್. ಎಲ್‌ಎಸ್3/5ಎ ಥರದ ಬಿಬಿಸಿ ವಿನ್ಯಾಸಗಳಲ್ಲಿ ಟ್ವೀಟರ್ ಮಟ್ಟ ಹೊಂದಿಸುವ ಹಲವು ಕವಲಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆ ಕವಲಿನ ತಂತಿ ಯಾವುದಕ್ಕೆ ಬೆಸೆದಿದೆಯೋ ಅದಕ್ಕೇ ಇರಲಿ.

ಬಿಳಿ ಸಿಮೆಂಟ್ ರೆಸಿಸ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಶೇಕಡಾ 10ಕ್ಕಿಂತ ಹೆಚ್ಚು ತಪ್ಪಿದ್ದರೆ ಅದೇ ಮೌಲ್ಯದ 10 ವ್ಯಾಟ್‌ನದ್ದು ಹಾಕಿ. ಬೋರ್ಡಿನಿಂದ ಐದು ಮಿಲಿಮೀಟರ್ ಎತ್ತರದಲ್ಲಿರಲಿ, ಬಿಸಿಯಾಗುತ್ತದೆ, ಕೆಪಾಸಿಟರ್‌ಗೆ ಅಂಟಿಕೊಂಡಿರಬಾರದು. ಇಷ್ಟು ಸಣ್ಣ ಮೌಲ್ಯ ಅಳೆಯುವಾಗ ಮೀಟರ್‌ನ ಎರಡು ಕಡ್ಡಿ ಒಟ್ಟಿಗೆ ತಾಗಿಸಿ, ಬಂದ 0.2-0.3 ಓಮ್ ಕಳೆಯಿರಿ. ಕೆಟ್ಟ ಗುಂಡಿಯ ಬದಲು ಸ್ಥಿರ ರೆಸಿಸ್ಟರ್ ಹಾಕಬೇಕೆಂದರೆ, 8 ಓಮ್ ಟ್ವೀಟರ್‌ಗೆ ಸರಣಿಯಲ್ಲಿ 2.2, ಅಡ್ಡಕ್ಕೆ 22 ಓಮ್ ಇಟ್ಟರೆ ಸುಮಾರು 2.8 ಡೆಸಿಬೆಲ್ ಇಳಿಯುತ್ತದೆ, ಕ್ರಾಸ್‌ಓವರ್‌ಗೆ ಕಾಣುವ ರೋಧ 8 ಓಮ್ ಆಗಿಯೇ ಉಳಿಯುತ್ತದೆ.

ಮುಚ್ಚುವ ಮೊದಲು

ಹಿಂದಿನ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ 5.5ರಿಂದ 7ರ ನಡುವೆ ತೋರಿಸಬೇಕು, ಅದು ಕಾಯಿಲ್ ಮೂಲಕ ಕಾಣುವ ವೂಫರ್. ಸೊನ್ನೆ ಬಂದರೆ ಎಲ್ಲೋ ಶಾರ್ಟ್, ಆಂಪ್ಲಿಫೈಯರ್‌ಗೆ ಕೊಡಬೇಡಿ. ಏನೂ ಬರದಿದ್ದರೆ ವೂಫರ್ ದಾರಿಯಲ್ಲಿ ಬೆಸುಗೆ ಬಿಟ್ಟಿದೆ. ಟ್ವೀಟರ್‌ನ ಕಾಲುಗಳಿಗೇ ಹಿಡಿದಾಗ ಒಂದು ಓಮ್‌ಗಿಂತ ಕಡಿಮೆ ಬಂದರೆ ಟ್ವೀಟರ್ ಸತ್ತಿತು ಎಂದು ಗಾಬರಿ ಬೀಳುವವರು ಬಹಳ. ಮೀಟರ್ ನೋಡುತ್ತಿರುವುದು ಅದಕ್ಕೆ ಅಡ್ಡಲಾಗಿರುವ ಕಾಯಿಲನ್ನು. ಟ್ವೀಟರ್‌ನ ಒಂದು ತಂತಿ ಬಿಡಿಸಿ ಮತ್ತೆ ಅಳೆಯಿರಿ.

ವಾಲ್ಯೂಮ್ ತೀರಾ ಕೆಳಗಿಟ್ಟು ಹಾಡು ಹಾಕಿ, ಟ್ವೀಟರ್ ಹತ್ತಿರ ಕಿವಿ ಇಡಿ. ಅಲ್ಲಿ ತಬಲಾ, ಮೃದಂಗದ ದಪ್ಪ ಹೊಡೆತ ಕೇಳಿಸಿದರೆ ತಕ್ಷಣ ಆರಿಸಿ, ಕೆಪಾಸಿಟರ್ ದಾಟಿ ಸಿಗ್ನಲ್ ನೇರ ಹೋಗುತ್ತಿದೆ. ಎಲ್ಲ ಸರಿ ಇದ್ದರೂ ಗಾಯಕರ ದನಿ ಟೊಳ್ಳಾಗಿ, ದೂರದಿಂದ ಬಂದಂತಿದ್ದರೆ ಟ್ವೀಟರ್ ತಂತಿ ಅದಲುಬದಲಾಗಿದೆ. ಸೀಳಿನ ಜಾಗದಲ್ಲಿ ವೂಫರ್ ಮತ್ತು ಟ್ವೀಟರ್ ಒಂದನ್ನೊಂದು ಕಡಿಯುತ್ತಿವೆ. ಫೋಟೋ ನೋಡಿ. ಎರಡೂ ಸ್ಪೀಕರ್ ಸಿದ್ಧವಾದ ಮೇಲೆ ಅಕ್ಕಪಕ್ಕ ಇಟ್ಟು ಒಂದೇ ಮಾನೋ ಹಾಡಿಗೆ ಎಡ-ಬಲ ಬದಲಿಸುತ್ತಾ ಕೇಳಿ.

ಹೊಸ ಫಿಲ್ಮ್ ಹಾಕಿದ ಮೇಲೆ 'ಸ' ಅಕ್ಷರ ಚುಚ್ಚುತ್ತಿದೆಯೇ? ಹಳೆಯ ಎಲೆಕ್ಟ್ರೋಲಿಟಿಕ್ ಹೊಸದಾಗಿದ್ದಾಗಲೂ ಇದ್ದ ರೋಧ ಈಗಿಲ್ಲ. ಕೆಪಾಸಿಟರ್‌ಗೆ ಸರಣಿಯಾಗಿ 0.47 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿದರೆ ಅರ್ಧ ಡೆಸಿಬೆಲ್ ತಗ್ಗುತ್ತದೆ. ಕಾಗದದ ಮೇಲೆ ಚಿಕ್ಕದು, ಕಿವಿಗೆ ಗೊತ್ತಾಗುತ್ತದೆ. ನೂರು ಗಂಟೆ ಓಡಿಸಿದರೆ ಕೆಪಾಸಿಟರ್ 'ಪಳಗುತ್ತದೆ' ಎಂದು ಕಾಯಬೇಡಿ, ಅಷ್ಟರಲ್ಲಿ ಪಳಗುವುದು ಕಿವಿ. ದೊಡ್ಡ ಕೆಪಾಸಿಟರ್ ಬೆನ್ನಿಗೆ 0.01 ಎಂಎಫ್‌ಡಿಯ ಚಿನ್ನದ ಬೆಲೆಯ ಮರಿ ಕಟ್ಟುವ ಹುಚ್ಚೂ ಇದೆ. ಆ ದುಡ್ಡಿಗೆ ಒಂದು ಎಲ್‌ಸಿಆರ್ ಮೀಟರ್ ಬರುತ್ತದೆ.

ಸ್ಕ್ರೂ ಹಿಡಿಯದೆ ಸುತ್ತುತ್ತಿದ್ದರೆ ಪಾರ್ಟಿಕಲ್ ಬೋರ್ಡ್ ಸವೆದಿದೆ. ಬೆಂಕಿಕಡ್ಡಿಗೆ ಫೆವಿಕಾಲ್ ಅದ್ದಿ ತೂತಿಗೆ ತುಂಬಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೇ ದಿನ ಕೈಯಲ್ಲೇ ಬಿಗಿಯಿರಿ. ಡ್ರಿಲ್ ಮೆಷಿನ್ ಹಚ್ಚಬೇಡಿ. ಗ್ಯಾಸ್ಕೆಟ್ ಹರಿದಿದ್ದರೆ ಬಾಗಿಲ ಸಂದಿಗೆ ಅಂಟಿಸುವ ತೆಳು ಫೋಮ್ ಪಟ್ಟಿ ಸುತ್ತಲೂ ಹಾಕಿ. ಗಾಳಿ ಸೋರಿದರೆ ಮುಚ್ಚಿದ ಡಬ್ಬದ ಬಾಸ್ ಸಡಿಲವಾಗುತ್ತದೆ. ತೆಗೆದ ಹಳೆಯ ಭಾಗಗಳನ್ನು ಒಂದು ಜಿಪ್ ಕವರ್‌ಗೆ ಹಾಕಿ, ಅಳೆದ ಮೌಲ್ಯ, ಹೊಸದರ ಮೌಲ್ಯ, ತಾರೀಕು ಬರೆದ ಚೀಟಿಯೊಂದಿಗೆ ಡಬ್ಬದ ಒಳಗೋಡೆಗೆ ಗಟ್ಟಿಯಾಗಿ ಅಂಟಿಸಿ. ಸಡಿಲ ಬಿಟ್ಟರೆ ಮೊದಲ ತಂಬೂರಿ ಶ್ರುತಿಗೇ ಆ ಕವರ್ ಗುಂಯ್‌ಗುಟ್ಟುತ್ತದೆ, ಎಂಟು ಸ್ಕ್ರೂ ಮತ್ತೆ ಬಿಚ್ಚಬೇಕಾಗುತ್ತದೆ.